ತಿದ್ದಿದ ಕಡೆ ಸಹಿ

ಹೊಡೆದವನು ನಾನಲ್ಲ, ಮೊದಲೇ ಹೇಳಿಬಿಡುತ್ತೇನೆ.
ಶಿಡ್ಲಘಟ್ಟದ ಠಾಣೆಯಲ್ಲಿ ಹನ್ನೊಂದು ವರ್ಷ
ಬರೆದವನು. ರೈಟರ್.
ನಾಲ್ವರು ಸಾಹೇಬರು ಬಂದು ಹೋದರು,
ಅಕ್ಷರ ದುಂಡಗಿದೆ ಎಂದು
ನನ್ನ ಕುರ್ಚಿ ಮಾತ್ರ ಅಲ್ಲೇ ಉಳಿಯಿತು.

ಚಲಪತಿಯನ್ನು ತಂದದ್ದು ಮಂಗಳವಾರ ರಾತ್ರಿ.
ಮೈತುಂಬ ಬೆಂದ ಹುಳುವಿನ ನಾತ.
ಊರಿಗೇ ಅಂಟಿದ್ದು, ಯಾರೂ ಮೂಗು ಮುಚ್ಚುವುದಿಲ್ಲ;
ಆದರೂ ಆ ಸಣ್ಣ ಕೋಣೆಯಲ್ಲಿ
ಮೊದಲ ಸಾಕ್ಷಿಯಂತೆ ಅದೇ ಬಂದು ನಿಂತಿತು.

ಅಮಾನುಲ್ಲಾರ ಫಿಲೇಚರಿನಿಂದ
ಹನ್ನೆರಡು ಕಿಲೋ ರೇಷ್ಮೆ ಹೋಗಿತ್ತು.
ಬೀಗ ಒಡೆದಿರಲಿಲ್ಲ.
ರಾತ್ರಿ ಅಲ್ಲೇ ಮಲಗುವವನು ಇವನೊಬ್ಬ.
ಇಷ್ಟು ಸಾಕಾಯಿತು.

'ಎಳೆ ಸಿಕ್ಕರೆ ಸಾಕು ಕಣೋ' ಎಂದರು ಸಾಹೇಬರು,
'ಉಳಿದದ್ದು ತಾನೇ ಬಿಚ್ಕೊಳ್ಳುತ್ತೆ.'
ಹುಡುಗ ತನ್ನ ಕೈ ನೋಡಿಕೊಂಡ.
ಎಳೆ ಸಿಗಬೇಕಾದರೆ ನೀರು ಎಷ್ಟು ಕುದಿಯಬೇಕು
ಎಂದು ಅಲ್ಲಿದ್ದವರಲ್ಲಿ
ಅವನೊಬ್ಬನಿಗೇ ಗೊತ್ತಿತ್ತು.

ಮೊದಲ ರಾತ್ರಿ ನಿಲ್ಲಿಸಿದರು.
ಎರಡನೆಯ ರಾತ್ರಿಯೂ ನಿಲ್ಲಿಸಿದರು.
ಕಣ್ಣು ಮುಚ್ಚಿದಾಗೆಲ್ಲ ಲಾಠಿಯಿಂದ
ಮೇಜಿಗೆ ಹೊಡೆದರು, ಮೇಜಿಗಷ್ಟೇ.
ಮೇಜಿನ ಮೇಲೆ ನನ್ನ ಟೀ ಲೋಟ.
ಲಾಠಿ ಮೇಲೇಳುತ್ತಲೇ
ಅದನ್ನು ಎತ್ತಿ ಹಿಡಿಯುವುದು ರೂಢಿಯಾಯಿತು.

ಹೊರಗೆ ಹೊಂಗೆ ಮರದಡಿ ಅವನ ಅಮ್ಮ.
ಬಟ್ಟೆಯಲ್ಲಿ ಕಟ್ಟಿ ತಂದ ಮುದ್ದೆ ಕಲ್ಲಾಯಿತು.
'ಅವಳನ್ನೂ ಒಳಗೆ ಕರೆಸಲಾ?'
ದಫೇದಾರ ಮೆಲ್ಲಗೆ ಕೇಳಿದ,
ಊಟ ಆಯ್ತಾ ಎಂದು ಕೇಳುವ ದನಿಯಲ್ಲಿ.

ಮೂರನೆಯ ದಿನ ಅಮಾನುಲ್ಲಾರೇ ಬಂದರು.
'ಬಿಟ್ಬಿಡಿ ಸಾರ್, ಈ ಹುಡುಗ ಅಂಥವನಲ್ಲ.
ನನ್ನ ಲೆಕ್ಕವೇ ತಪ್ಪಿರಬಹುದು.'
ಸಾಹೇಬರು ನಕ್ಕರು:
'ದೂರು ಕೊಡೋವರೆಗೆ ನಿಮ್ದು,
ಕೊಟ್ಟ ಮೇಲೆ ನಮ್ದು.'

ಅಂದು ಸಂಜೆ ಅವನು ಬಾಯಿ ಬಿಟ್ಟ.
ಒಪ್ಪಿಕೊಂಡ ಎನ್ನಲಾರೆ. ಕೇಳಿದ.
'ಎಷ್ಟು ಕಿಲೋ ಅಂತ ಹೇಳ್ಲಿ ಸಾರ್?
ಯಾರಿಗೆ ಮಾರಿದೆ ಅಂತ ಹೇಳ್ಲಿ?
ಹೇಳಿದ್ರೆ ಅಮ್ಮನ ಜೊತೆ ಹೋಗ್ಬಹುದಾ?'
ಹೋಗಬಹುದು ಎಂದರು.
ನಾನೂ ತಲೆಯಾಡಿಸಿದೆ.

ಬರೆದೆ.
'ಯಾರ ಒತ್ತಡವೂ ಇಲ್ಲದೆ, ಸ್ವಇಚ್ಛೆಯಿಂದ',
ಈ ಸಾಲು ಬರೆಯಲು ನನಗೆ ಕಣ್ಣು ಬೇಕಿಲ್ಲ.
ಹದಿನೇಳು ಎಂದ. ಹತ್ತೊಂಬತ್ತು ಮಾಡಿದೆ;
ಏಳಕ್ಕೆ ಒಂದು ಕೊಂಡಿ ಸೇರಿಸಿದರೆ ಆಯಿತು.

ಎಂಟನೇ ಕ್ಲಾಸು ಓದಿದ್ದವನು. ಹಾಳೆ ಕೊಟ್ಟರೆ
ಬೆರಳಿಟ್ಟುಕೊಂಡು ಪೂರ್ತಿ ಓದಿದ.
ಕದ್ದೆ ಎಂಬಲ್ಲಿ ನಿಲ್ಲಲಿಲ್ಲ.
ಚಿಂತಾಮಣಿಯ ಅಪರಿಚಿತನಿಗೆ ಮಾರಿದೆ ಎಂಬಲ್ಲಿ ನಿಲ್ಲಲಿಲ್ಲ.
ಹತ್ತೊಂಬತ್ತರ ಮೇಲೂ ಬೆರಳು ಸುಮ್ಮನೆ ಹಾದುಹೋಗಿತ್ತು.
ಮುಗಿಸಿ, ಮತ್ತೆ ಮೇಲಕ್ಕೆ,
ಮೊದಲ ಸಾಲಿಗೇ ವಾಪಸು ಬಂದು ನಿಂತ.

'ಇಲ್ಲಿ ತಪ್ಪಾಗಿದೆ ಸಾರ್.
ಅಮ್ಮ ನಾರಾಯಣಮ್ಮ ಅಲ್ಲ, ಮುನಿನಾರಾಯಣಮ್ಮ.
ಮುನಿ ಬಿಟ್ಟೋಗಿದೆ.'

ಸಾಹೇಬರು ಗಡಿಯಾರ ನೋಡಿದರು.
ಒಂದು ಹಂಸಪಾದ ಹಾಕಿ
ಸಾಲಿನ ಮೇಲೆ ಮುನಿ ಎಂದು ಸೇರಿಸಿದೆ.
ತಿದ್ದಿದ ಕಡೆ ಸಹಿ ಬೇಕು. ಹಾಕಿದ.
ನಿಯಮವನ್ನು ನಾವು ತಪ್ಪುವವರಲ್ಲ.

ಆಮೇಲೆ ಬೆರಳಚ್ಚು.
ಕುದಿನೀರು ತಿಂದ ಬೆರಳು;
ಮೂರು ಸಲ ಒತ್ತಿದರೂ ಬರೀ ಕಪ್ಪು ಮಚ್ಚೆ,
ಒಳಗೊಂದು ಗೆರೆಯೂ ಇಲ್ಲ.
ಅಮ್ಮ ಒಬ್ಬಳೇ ಎದ್ದು ಹೋದಳು,
ಮುದ್ದೆಯ ಗಂಟನ್ನು ಮರದ ಬುಡದಲ್ಲೇ ಬಿಟ್ಟು.

ಕೇಸು ಏನಾಯಿತೋ.
ನನ್ನನ್ನು ಗೌರಿಬಿದನೂರಿಗೆ ಹಾಕಿದರು, ನಿವೃತ್ತಿಯೂ ಆಯಿತು.
ಮೊನ್ನೆ ಮೊಮ್ಮಗಳು ಯಾವುದಕ್ಕೋ ಸಿಟ್ಟಾಗಿ
ಗೋಡೆಗೆ ಮುಖಮಾಡಿ ಕೂತಿದ್ದಳು.
ಮುನಿಯಬೇಡವೇ ಎನ್ನಲು ಹೋದೆ,
ಮುನಿ ಎಂಬಲ್ಲೇ ನಾಲಿಗೆ ನಿಂತಿತು.

ಅವನ ಹಾಳೆಯಲ್ಲಿ ನಾನು ಬಿಟ್ಟದ್ದು ಅದೊಂದೇ ಮಾತು.
ಅದನ್ನು ಅವನು ಕೇಳಿ ಹಾಕಿಸಿಕೊಂಡ.
ಅದರ ಕೆಳಗೆ ಹಂಸಪಾದ,
ಪಕ್ಕದಲ್ಲಿ ಅವನ ಎಳೆಯ ಸಹಿ.